ಸಾರಿಗೆ ಬಸ್ಸಿನಲ್ಲಿ ತಲುಪಬಹುದಾದ ಕಾಡು ಹಾಗೂ ಕಡಲತೀರದ ನಡಿಗೆ ಮಾರ್ಗಗಳು: ಯಾಣ ಮತ್ತು ಗೋಕರ್ಣ – ಸಾರ್ವಜನಿಕರ ಮಾಹಿತಿಗಾಗಿ

1. ಪೀಠಿಕೆ

"ಸೊಕ್ಕಿದ್ದವ ಯಾಣಕ್ಕೆ, ರೊಕ್ಕಿದ್ದವ ಗೋಕರ್ಣಕ್ಕೆ" ಎಂಬುದು ಉತ್ತರ ಕನ್ನಡ ಜಿಲ್ಲೆಯ ಹಳೆಯ ನಾಣ್ಣುಡಿ. ಯಾಣದ ಕಾಡುದಾರಿಗೆ ಮೈಯಲ್ಲಿ ಕಸುವು ಬೇಕಿತ್ತು. ಗೋಕರ್ಣದ ಪೂಜೆ, ಶ್ರಾದ್ಧಾದಿ ಕಾರ್ಯಗಳಿಗೆ ಕೈಯಲ್ಲಿ ಹಣ ಬೇಕಿತ್ತು. ಕುಮಟಾ ತಾಲ್ಲೂಕಿಗೆ ಸೇರಿದ ಈ ಎರಡೂ ಸ್ಥಳಗಳನ್ನು ಇಂದು ಸ್ವಂತ ವಾಹನವಿಲ್ಲದವರೂ ವಾಯವ್ಯ ಕರ್ನಾಟಕ ರಸ್ತೆ ಸಾರಿಗೆ ನಿಗಮದ ಬಸ್ಸುಗಳಲ್ಲಿ ಪ್ರಯಾಣಿಸಿ ನೋಡಬಹುದಾಗಿದೆ.

ಸ್ವಂತ ವಾಹನದಲ್ಲಿ ಬಂದವರು ತಮಗೆ ಬೇಕಾದಾಗ ಹಿಂತಿರುಗಬಹುದು. ಬಸ್ಸಿನಲ್ಲಿ ಬಂದವರಿಗೆ ಆ ಅನುಕೂಲವಿರುವುದಿಲ್ಲ. ಕೊನೆಯ ಬಸ್ಸು ತಪ್ಪುವ ಆತುರದಲ್ಲಿ ಕತ್ತಲೆಯಲ್ಲಿ ಕಾಡು ದಾಟುವುದು, ನೀರೇರುತ್ತಿರುವಾಗ ಬಂಡೆಗಳ ಮೇಲೆ ಹಾಯುವುದು ಅಪಾಯಕ್ಕೆ ಎಡೆಮಾಡುತ್ತದೆ. ಆದುದರಿಂದ ನಡಿಗೆಯ ವೇಳೆಯನ್ನು ಹೊರಡುವ ಗಳಿಗೆಯಿಂದ ಮುಂದಕ್ಕೆ ಎಣಿಸದೆ, ಮರಳುವ ಬಸ್ಸಿನ ವೇಳೆಯಿಂದ ಹಿಂದಕ್ಕೆ ಲೆಕ್ಕ ಹಾಕತಕ್ಕದ್ದು. ಕಡಲತೀರದಲ್ಲಿ ಇದರೊಂದಿಗೆ ಉಬ್ಬರ-ಇಳಿತದ ವೇಳೆಯನ್ನೂ ಪರಿಗಣಿಸತಕ್ಕದ್ದು.

2. ಬಸ್ಸು ಸೌಲಭ್ಯ: ಪ್ರಯಾಣಿಕರು ತಿಳಿದಿರಬೇಕಾದ ಅಂಶಗಳು

(ಅ) ಕುಮಟಾ ಮತ್ತು ಶಿರಸಿ ಬಸ್ ನಿಲ್ದಾಣಗಳು ಈ ನಡಿಗೆಗಳಿಗೆ ಅನುಕೂಲಕರ ಕೇಂದ್ರಗಳಾಗಿವೆ. ಕುಮಟಾದಿಂದ ಗೋಕರ್ಣಕ್ಕೆ ಸುಮಾರು 30 ಕಿ.ಮೀ. ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಸಾಗುವ ದೂರದ ಬಸ್ಸುಗಳಲ್ಲಿ ಬರುವವರು ಮಾದನಗೇರಿ ಕೂಡುರಸ್ತೆಯಲ್ಲಿ ಇಳಿದು, ಅಲ್ಲಿಂದ ಗೋಕರ್ಣದ ವಾಹನ ಹಿಡಿಯಬಹುದು.

(ಆ) ಗೋಕರ್ಣಕ್ಕೆ ಹೋಲಿಸಿದಲ್ಲಿ ಯಾಣದ ಮಾರ್ಗದಲ್ಲಿ ಬಸ್ಸುಗಳು ವಿರಳ. ಹೊರಡುವ ದಿನ ಬೆಳಿಗ್ಗೆ ನಿಲ್ದಾಣದ ಸಂಚಾರ ನಿಯಂತ್ರಕರಲ್ಲಿ ಹೋಗುವ ಹಾಗೂ ಬರುವ ಎರಡೂ ವೇಳೆಗಳನ್ನು ವಿಚಾರಿಸಿ ಬರೆದಿಟ್ಟುಕೊಳ್ಳತಕ್ಕದ್ದು. ಭಾನುವಾರ ಮತ್ತು ರಜಾ ದಿನಗಳಲ್ಲಿ ಅದೇ ಬಸ್ಸು ಸಂಚರಿಸುವುದೇ ಎಂಬುದನ್ನು ಪ್ರತ್ಯೇಕವಾಗಿ ಕೇಳುವುದು ಅವಶ್ಯ.

(ಇ) ಗ್ರಾಮಾಂತರ ಮಾರ್ಗಗಳಲ್ಲಿ ಸಂಜೆ ಬರುವ ಕೊನೆಯ ಬಸ್ಸು ಕೆಲವೊಮ್ಮೆ 'ವಸತಿ' ಬಸ್ಸಾಗಿರುತ್ತದೆ. ಅದು ರಾತ್ರಿ ಊರಿನಲ್ಲಿಯೇ ತಂಗಿ ಮರುದಿನ ಬೆಳಿಗ್ಗೆ ಹೊರಡುತ್ತದೆ. ಸಂಜೆ ಬಸ್ಸು ಬರುತ್ತದೆ ಎಂಬ ಮಾತ್ರಕ್ಕೆ ಸಂಜೆ ಬಸ್ಸು ಹೊರಡುತ್ತದೆ ಎಂದು ಭಾವಿಸಬಾರದು. ಇಳಿಯುವಾಗ ನಿರ್ವಾಹಕರಲ್ಲಿ ಇದನ್ನು ಖಚಿತಪಡಿಸಿಕೊಳ್ಳತಕ್ಕದ್ದು.

(ಈ) ದಿನಾಂಕ 11-06-2023ರಿಂದ ಜಾರಿಗೆ ಬಂದ ಶಕ್ತಿ ಯೋಜನೆಯನ್ವಯ ರಾಜ್ಯದ ಮಹಿಳೆಯರು ರಾಜ್ಯದೊಳಗೆ ಸಾಮಾನ್ಯ ಮತ್ತು ವೇಗದೂತ ಬಸ್ಸುಗಳಲ್ಲಿ ಉಚಿತವಾಗಿ ಪ್ರಯಾಣಿಸಬಹುದು. ಕರ್ನಾಟಕದ ವಿಳಾಸವಿರುವ ಸರ್ಕಾರಿ ಗುರುತಿನ ಚೀಟಿ ತೋರಿಸಿ ಶೂನ್ಯ ಮೊತ್ತದ ಟಿಕೆಟ್ ಪಡೆಯತಕ್ಕದ್ದು. ರಾಜಹಂಸ, ಹವಾನಿಯಂತ್ರಿತ ಮತ್ತು ಸ್ಲೀಪರ್ ಬಸ್ಸುಗಳಿಗೆ ಈ ಸೌಲಭ್ಯ ಅನ್ವಯಿಸುವುದಿಲ್ಲ.

3. ಕಾಡಿನ ನಡಿಗೆ: ಯಾಣ

ಸಹ್ಯಾದ್ರಿಯ ದಟ್ಟ ಕಾಡಿನ ನಡುವೆ ಕಪ್ಪು ಸುಣ್ಣಕಲ್ಲಿನ ಬೃಹತ್ ಶಿಖರಗಳು ಎದ್ದುನಿಂತಿರುವುದು ಯಾಣದ ವೈಶಿಷ್ಟ್ಯ. ಇವುಗಳಲ್ಲಿ ಭೈರವೇಶ್ವರ ಶಿಖರವು ಸುಮಾರು 120 ಮೀಟರ್, ಮೋಹಿನಿ ಶಿಖರವು ಸುಮಾರು 90 ಮೀಟರ್ ಎತ್ತರವಿವೆ. ಭೈರವೇಶ್ವರ ಶಿಖರದ ಬುಡದಲ್ಲಿರುವ ಗುಹೆಯಲ್ಲಿ ದೇವಾಲಯವಿದ್ದು, ಮಹಾಶಿವರಾತ್ರಿಯಂದು ಜಾತ್ರೆ ನಡೆಯುತ್ತದೆ. ಬಸ್ಸು ಶಿಖರಗಳ ಬುಡದವರೆಗೆ ಹೋಗುವುದಿಲ್ಲ. ಕೊನೆಯ ಭಾಗವನ್ನು ಕಾಡಿನ ನೆರಳಿನಲ್ಲಿ ನಡೆದೇ ಕ್ರಮಿಸಬೇಕು.

ವೇಳೆ ಲೆಕ್ಕ ಹಾಕುವ ವಿಧಾನವನ್ನು ಒಂದು ಉದಾಹರಣೆಯಿಂದ ವಿವರಿಸಬಹುದು. ಮರಳುವ ಬಸ್ಸು ಸಂಜೆ 4-30ಕ್ಕೆ ಇದೆ ಎಂದೂ, ನಿಲುಗಡೆಯಿಂದ ಶಿಖರದವರೆಗೆ ನಡೆಯಲು 45 ನಿಮಿಷ ಹಿಡಿಯಿತು ಎಂದೂ ಭಾವಿಸೋಣ. ಅರ್ಧ ಗಂಟೆ ಮುಂಚಿತವಾಗಿ, ಅಂದರೆ 4-00ಕ್ಕೆ, ನಿಲುಗಡೆಯಲ್ಲಿರಬೇಕು. ಮರಳುವಾಗ ದಣಿವು ಹೆಚ್ಚಿರುವುದರಿಂದ 15 ನಿಮಿಷ ಸೇರಿಸಿ ಒಂದು ಗಂಟೆ ಇಟ್ಟುಕೊಂಡಲ್ಲಿ, 3-00ಕ್ಕೆ ಶಿಖರದಿಂದ ಹೊರಡಲೇಬೇಕಾಗುತ್ತದೆ. ಮಧ್ಯಾಹ್ನ 2-15ರ ನಂತರ ನಿಲುಗಡೆಯಲ್ಲಿ ಇಳಿದವರಿಗೆ ಶಿಖರ ತಲುಪಿದ ಕೂಡಲೇ ಹಿಂತಿರುಗುವ ಸಮಯವಾಗಿರುತ್ತದೆ. ಅಂಥವರು ಆ ದಿನದ ನಡಿಗೆಯನ್ನು ಕೈಬಿಡುವುದು ಸೂಕ್ತ.

ಕಾಡಿನಲ್ಲಿ ಪಾಲಿಸಬೇಕಾದ ಮುಂಜಾಗ್ರತೆಗಳು:

• ನಿಗದಿತ ಕಾಲುದಾರಿ ಬಿಡಬಾರದು. ಅನುಮತಿಯಿಲ್ಲದೆ ಮೀಸಲು ಅರಣ್ಯದೊಳಗೆ ಅಲೆದಾಡುವುದು ಕರ್ನಾಟಕ ಅರಣ್ಯ ಕಾಯ್ದೆ, 1963ರನ್ವಯ ಅಪರಾಧವಾಗಿರುತ್ತದೆ.

• ಕಣಿವೆಯಲ್ಲಿ ಮೊಬೈಲ್ ಸಂಪರ್ಕವನ್ನು ನೆಚ್ಚಿಕೊಳ್ಳಬಾರದು. ಹೊರಡುವ ಮುನ್ನವೇ ಮನೆಯವರಿಗೆ ಮಾರ್ಗ ಹಾಗೂ ಮರಳುವ ಬಸ್ಸಿನ ವೇಳೆ ತಿಳಿಸಿರಬೇಕು.

• 1957ರಲ್ಲಿ ಶಿವಮೊಗ್ಗ ಜಿಲ್ಲೆಯಲ್ಲಿ ಮೊದಲು ಪತ್ತೆಯಾದ ಕ್ಯಾಸನೂರು ಅರಣ್ಯ ಕಾಯಿಲೆ (ಮಂಗನ ಕಾಯಿಲೆ) ಉತ್ತರ ಕನ್ನಡದ ಕಾಡುಗಳಲ್ಲಿಯೂ ವರದಿಯಾಗಿದೆ. ಇದು ಉಣ್ಣೆ ಹುಳುವಿನ ಕಡಿತದಿಂದ ಹರಡುತ್ತದೆ. ಚಳಿಗಾಲದಿಂದ ಬೇಸಿಗೆಯವರೆಗೆ ಹೆಚ್ಚು. ಮೈತುಂಬ ಬಟ್ಟೆ ಧರಿಸಿ, ತರಗೆಲೆಗಳ ಮೇಲೆ ಕುಳಿತುಕೊಳ್ಳದೆ, ಮನೆಗೆ ಮರಳಿದ ಕೂಡಲೇ ಸ್ನಾನ ಮಾಡಿ ಬಟ್ಟೆ ಒಗೆಯತಕ್ಕದ್ದು. ಸತ್ತ ಮಂಗ ಕಂಡುಬಂದಲ್ಲಿ ಮುಟ್ಟದೆ ಸಮೀಪದ ಆರೋಗ್ಯ ಕೇಂದ್ರಕ್ಕೆ ತಿಳಿಸತಕ್ಕದ್ದು. ಕಾಡಿಗೆ ಹೋಗಿಬಂದ ನಂತರ ಜ್ವರ ಬಂದಲ್ಲಿ ವೈದ್ಯರಿಗೆ ಆ ವಿಷಯವನ್ನು ಮರೆಯದೆ ಹೇಳಬೇಕು.

4. ಕಡಲತೀರದ ನಡಿಗೆ: ಗೋಕರ್ಣ

ಗೋಕರ್ಣ ಪಟ್ಟಣದ ದಕ್ಷಿಣಕ್ಕೆ ಕುಡ್ಲೆ, ಓಂ, ಹಾಫ್ ಮೂನ್ ಮತ್ತು ಪ್ಯಾರಡೈಸ್ ಕಡಲತೀರಗಳು ಒಂದರ ನಂತರ ಒಂದರಂತೆ ಇವೆ. ಎರಡೆರಡು ತೀರಗಳ ನಡುವೆ ಗುಡ್ಡದ ಚಾಚು ಇದ್ದು, ಅದರ ಮೇಲಿನ ಕಾಲುದಾರಿಯಲ್ಲಿ ದಾಟಬೇಕು. ಪಟ್ಟಣದಿಂದ ಕುಡ್ಲೆಗೆ ಸುಮಾರು ಅರ್ಧ ಗಂಟೆಯ ನಡಿಗೆ; ಅಲ್ಲಿಂದ ಮುಂದಿನ ತೀರಗಳಿಗೂ ಹೆಚ್ಚುಕಡಿಮೆ ಅಷ್ಟೇ ವೇಳೆ ಹಿಡಿಯುತ್ತದೆ. ಓಂ ತೀರದವರೆಗೆ ಪಟ್ಟಣದಿಂದ ರಸ್ತೆಯಿದ್ದು ಆಟೋರಿಕ್ಷಾ ಹೋಗುತ್ತದೆ. ಹಾಫ್ ಮೂನ್ ತೀರಕ್ಕೆ ವಾಹನದ ದಾರಿಯಿಲ್ಲ. ಆದುದರಿಂದ ವಯೋವೃದ್ಧರು ಹಾಗೂ ಚಿಕ್ಕ ಮಕ್ಕಳೊಂದಿಗೆ ಬಂದವರು ಓಂ ತೀರದಲ್ಲಿಯೇ ನಡಿಗೆ ಮುಗಿಸುವುದು ಸೂಕ್ತ.

ಸಮುದ್ರವು ದಿನಕ್ಕೆ ಎರಡು ಬಾರಿ ಉಬ್ಬಿ, ಎರಡು ಬಾರಿ ಇಳಿಯುತ್ತದೆ. ಇಳಿತದಿಂದ ಉಬ್ಬರಕ್ಕೆ ಸುಮಾರು ಆರು ಗಂಟೆ. ಈ ವೇಳೆಯು ಪ್ರತಿದಿನ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ. ಬೆಳಿಗ್ಗೆ 10-00ಕ್ಕೆ ಇಳಿತವಿದ್ದಾಗ ಒಣಗಿದ್ದ ಬಂಡೆಗಳ ಅಂಚು ಸಂಜೆ 4-00ರ ಹೊತ್ತಿಗೆ ನೀರಿನಲ್ಲಿರಬಹುದು. ಅಮಾವಾಸ್ಯೆ ಮತ್ತು ಹುಣ್ಣಿಮೆಯ ಆಸುಪಾಸಿನಲ್ಲಿ ಉಬ್ಬರ ಇನ್ನೂ ಹೆಚ್ಚು. ಹೋಗುವಾಗ ಬಂಡೆಯಂಚಿನಿಂದ ದಾಟಿದವರು ಬರುವಾಗ ಗುಡ್ಡದ ದಾರಿಯನ್ನೇ ಹಿಡಿಯತಕ್ಕದ್ದು. ಆ ದಿನದ ಉಬ್ಬರದ ವೇಳೆಯನ್ನು ಸ್ಥಳೀಯ ಮೀನುಗಾರರಲ್ಲಿ ಕೇಳಿ ತಿಳಿಯಬಹುದು.

ನಡೆಯಲು ಬಂದವರು ಬಿಸಿಲಿನ ದಣಿವಿನಲ್ಲಿ ನೀರಿಗಿಳಿಯುವುದು ಸಾಮಾನ್ಯ. ಇದೇ ಜಿಲ್ಲೆಯ ಮುರ್ಡೇಶ್ವರದಲ್ಲಿ 2024ರ ಡಿಸೆಂಬರ್‌ನಲ್ಲಿ ಶೈಕ್ಷಣಿಕ ಪ್ರವಾಸಕ್ಕೆ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ಸಮುದ್ರಪಾಲಾದರು. ದಡಕ್ಕೆ ಬಂದ ಅಲೆಗಳ ನೀರು ಕಿರಿದಾದ ಹರಿವಿನಲ್ಲಿ ರಭಸದಿಂದ ಸಮುದ್ರಕ್ಕೆ ಹಿಂತಿರುಗುತ್ತದೆ. ಅಲೆಗಳು ಒಡೆಯದೆ ಶಾಂತವಾಗಿ ತೋರುವ ಜಾಗ ಇಂಥ ಹರಿವಿನದಾಗಿರಬಹುದು. ಇದರಲ್ಲಿ ಸಿಲುಕಿದವರು ದಡದತ್ತ ನೇರವಾಗಿ ಈಜಿ ದಣಿಯದೆ, ದಡಕ್ಕೆ ಸಮಾನಾಂತರವಾಗಿ ಈಜಿ ಹರಿವಿನಿಂದ ಹೊರಬರಬೇಕು. ದಡದಲ್ಲಿರುವವರು ತಾವೂ ಧುಮುಕದೆ, ತೇಲುವ ವಸ್ತು ಅಥವಾ ಹಗ್ಗ ಎಸೆದು ಜೀವರಕ್ಷಕರನ್ನು ಕೂಗತಕ್ಕದ್ದು. ಜೀವರಕ್ಷಕರಿಲ್ಲದ ತೀರದಲ್ಲಿ ನೀರಿಗಿಳಿಯಲೇಬಾರದು.

5. ಸೂಕ್ತ ಕಾಲ

ನವೆಂಬರ್‌ನಿಂದ ಫೆಬ್ರವರಿಯವರೆಗಿನ ಅವಧಿ ಎರಡೂ ನಡಿಗೆಗಳಿಗೆ ಅನುಕೂಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಂಡೆಗಳು ಜಾರುತ್ತವೆ, ಕಾಡಿನಲ್ಲಿ ಉಂಬಳದ ಕಾಟವಿರುತ್ತದೆ, ಸಮುದ್ರ ಪ್ರಕ್ಷುಬ್ಧವಾಗಿರುತ್ತದೆ. ದಿನಾಂಕ 16-07-2024ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಜೀವಹಾನಿ ಸಂಭವಿಸಿದ್ದಲ್ಲದೆ ಹೆದ್ದಾರಿ 66ರ ಸಂಚಾರವೂ ಸ್ಥಗಿತಗೊಂಡಿತ್ತು. ಮಳೆಗಾಲದಲ್ಲಿ ಜಿಲ್ಲಾಡಳಿತದ ಮುನ್ಸೂಚನೆಯಿರುವ ದಿನ ಪ್ರಯಾಣವನ್ನು ಮುಂದೂಡತಕ್ಕದ್ದು.

6. ಬಸ್ಸು ತಪ್ಪಿದಲ್ಲಿ

ಬಸ್ಸು ತಪ್ಪಿತೆಂದು ಗಾಬರಿಯಾಗಿ ಕತ್ತಲೆಯಲ್ಲಿ ಕಾಡಿನ ಒಳದಾರಿ ಅಥವಾ ಬಂಡೆಯಂಚು ಹಿಡಿಯಬಾರದು. ಜನವಸತಿ ಇರುವ ಕಡೆ ತಂಗಿ, ಊರಿನವರ ನೆರವು ಕೋರತಕ್ಕದ್ದು. ತುರ್ತು ಸಂದರ್ಭದಲ್ಲಿ 112, ಆಂಬುಲೆನ್ಸ್‌ಗಾಗಿ 108 ಸಂಖ್ಯೆಗೆ ಕರೆ ಮಾಡಬಹುದು. ಬಸ್ಸು ಮರುದಿನ ಬೆಳಿಗ್ಗೆಯೂ ಬರುತ್ತದೆ ಎಂಬುದನ್ನು ಪ್ರಯಾಣಿಕರು ನೆನಪಿನಲ್ಲಿಡಬೇಕೆಂದು ಹಾಗೂ ಮೇಲ್ಕಂಡ ಸೂಚನೆಗಳನ್ನು ಪಾಲಿಸಿ ಸಹಕರಿಸಬೇಕೆಂದು ಕೋರಲಾಗಿದೆ.