ನಿಮಗಿದು ಗೊತ್ತೆ? ಬೆಚ್ಚಿಬಿದ್ದರೆ ನಿಲ್ಲುವ ರೋಬೋಟ್

ಕುಂಸಿಯ ಕಡೆಯಿಂದ ಮಾಚೇನಹಳ್ಳಿಗೋ ಬಿಡದಿಗೋ ಕಾರ್ಖಾನೆ ಕೆಲಸಕ್ಕೆ ಹೋಗುವ ಐಟಿಐ ಹುಡುಗರು ಮೊದಲು ತಿಳಿಯಬೇಕಾದ ಸ್ವಿಚ್ಚೊಂದಿದೆ. ರೋಬೋಟಿಗೆ ಕೆಲಸ ಕಲಿಸುವಾಗ ಕೈಯಲ್ಲಿ ಹಿಡಿಯುವ ‘ಪೆಂಡೆಂಟ್’ ಎಂಬ ನಿಯಂತ್ರಣ ಸಾಧನದಲ್ಲಿ ಅದಿರುತ್ತದೆ. ಹದವಾಗಿ ಒತ್ತಿ ಹಿಡಿದರಷ್ಟೇ ರೋಬೋಟ್ ಚಲಿಸುತ್ತದೆ. ಕೈಬಿಟ್ಟರೂ ನಿಲ್ಲುತ್ತದೆ, ಗಟ್ಟಿಯಾಗಿ ಹಿಸುಕಿದರೂ ನಿಲ್ಲುತ್ತದೆ. ಗಾಬರಿಯಾದಾಗ ಕೈ ಇವೆರಡರಲ್ಲಿ ಯಾವುದನ್ನಾದರೂ ಮಾಡಬಹುದಲ್ಲ, ಅದಕ್ಕೇ! ಹೀಗೆ ಕೆಲಸ ಕಲಿಸುವಾಗ ರೋಬೋಟಿನ ತೋಳಿನ ವೇಗವೂ ಸೆಕೆಂಡಿಗೆ 250 ಮಿಲಿಮೀಟರ್ ಮೀರುವಂತಿಲ್ಲ.

ಇಷ್ಟೊಂದು ಎಚ್ಚರಿಕೆಗೆ ಕಾರಣವಿದೆ. ರೋಬೋಟ್ ಏಟಿಗೆ ಮೊದಲ ಸಾವು ಸಂಭವಿಸಿದ್ದು 1979ರ ಜನವರಿ 25ರಂದು, ಅಮೆರಿಕದ ಫೋರ್ಡ್ ಕಾರ್ಖಾನೆಯಲ್ಲಿ. 2015ರಲ್ಲಿ ನಮ್ಮ ದೇಶದ ಮಾನೇಸರ್‌ನಲ್ಲೂ ಕಾರ್ಮಿಕರೊಬ್ಬರು ಹೀಗೇ ಜೀವ ತೆತ್ತರು. ಸುಮ್ಮನೆ ನಿಂತ ರೋಬೋಟ್ ಮುಂದಿನ ಸಿಗ್ನಲ್‌ಗೆ ಕಾಯುತ್ತಿರಬಹುದು. ಹಾಗಾಗಿ ರಿಪೇರಿಗೆಂದು ರೋಬೋಟಿನ ಸುತ್ತಲಿನ ಬೇಲಿಯೊಳಗೆ ಹೋಗುವ ಮುನ್ನ ಕರೆಂಟನ್ನೂ ಗಾಳಿಯ ಒತ್ತಡವನ್ನೂ ತೆಗೆದು, ಮೇನ್ ಸ್ವಿಚ್ಚಿಗೆ ಬೀಗ ಜಡಿಯಬೇಕು. ಕೀಲಿ ಒಳಗೆ ಹೋಗುವವರ ಜೇಬಿನಲ್ಲೇ ಇರಬೇಕು.