ಉಂಡರೂ ನಿಲ್ಲದ ಹಸಿವು

ಪ್ರಶ್ನೆ: ಮಧ್ಯಾಹ್ನ ಹೊಟ್ಟೆ ತುಂಬ ಅನ್ನ-ತಿಳಿಸಾರು ಉಂಡರೂ ಸಂಜೆಯೊಳಗೆ ಮತ್ತೆ ಹಸಿವು. ಸಸ್ಯಾಹಾರದಲ್ಲೇ ಪರಿಹಾರ ಇದೆಯೇ?
– ಓದುಗರು, ಪಿರಿಯಾಪಟ್ಟಣ

ಉತ್ತರ: ಖಂಡಿತ ಇದೆ, ನಿಮ್ಮ ಸೀಮೆಯ ಹಳೆಯ ಊಟದಲ್ಲೇ ಇದೆ. 100 ಗ್ರಾಂ ಪಾಲಿಶ್ ಅಕ್ಕಿಯಲ್ಲಿ ನಾರು ಸುಮಾರು 3 ಗ್ರಾಂ, ರಾಗಿಯಲ್ಲಿ 11. ಹುರುಳಿಯಲ್ಲಿ ಪ್ರೋಟೀನೇ 20 ಗ್ರಾಂ ದಾಟುತ್ತದೆ. ನಾರು, ಪ್ರೋಟೀನ್ ಎರಡೂ ಸೇರಿದರೆ ಜಠರ ನಿಧಾನವಾಗಿ ಖಾಲಿಯಾಗುತ್ತದೆ. ಅನ್ನ ಕಡಿಮೆ ಮಾಡಿ, ಒಂದು ಮುದ್ದೆಗೆ ಬಸ್ಸಾರು ಹಾಕಿಕೊಳ್ಳಿ. ಆದರೆ ಬಸಿದ ಕಟ್ಟಿನ ಸಾರನ್ನಷ್ಟೇ ಉಂಡು ಹುರುಳಿಕಾಳು, ಸೊಪ್ಪಿನ ಪಲ್ಯವನ್ನು ಪಾತ್ರೆಯಲ್ಲೇ ಬಿಡಬೇಡಿ; ಹಸಿವನ್ನು ತಡೆಯುವುದು ಆ ಪಲ್ಯವೇ. ಚಳಿಗಾಲದಲ್ಲಂತೂ ಸೊನೆ ಅವರೆ ಇದ್ದೇ ಇದೆ. ಹಸಿವಿನ ಜೊತೆ ವಿಪರೀತ ಬಾಯಾರಿಕೆ, ತೂಕ ಇಳಿಯುವುದು ಕಂಡರೆ ಮಾತ್ರ ತಡಮಾಡದೆ ರಕ್ತದ ಸಕ್ಕರೆ ಪರೀಕ್ಷೆ ಮಾಡಿಸಿಕೊಳ್ಳಿ.