ಮಾತು ಕನ್ನಡ, ಬರಹ ಮರಾಠಿ: ಗಡಿನಾಡಿನಲ್ಲಿ ಅಕ್ಷರದ ಬಳಕೆ

ಭಾರತದ ಜನಗಣತಿಯ ಲೆಕ್ಕದಲ್ಲಿ ಏಳು ವರ್ಷ ತುಂಬಿದ, ಯಾವುದಾದರೂ ಒಂದು ಭಾಷೆಯನ್ನು ಅರ್ಥಮಾಡಿಕೊಂಡು ಓದಬಲ್ಲ ಮತ್ತು ಬರೆಯಬಲ್ಲ ವ್ಯಕ್ತಿ ಸಾಕ್ಷರ. ಈ ಲೆಕ್ಕದಂತೆ 2011ರಲ್ಲಿ ಮಹಾರಾಷ್ಟ್ರದ ಸೊಲ್ಲಾಪುರ ಜಿಲ್ಲೆಯ ಸಾಕ್ಷರತೆ ಶೇ 77ರಷ್ಟಿತ್ತು. ಆ ಭಾಷೆ ಮನೆಮಾತೋ ಅಲ್ಲವೋ, ಕಲಿತ ಅಕ್ಷರ ದಿನಬಳಕೆಯಲ್ಲಿದೆಯೋ ಇಲ್ಲವೋ ಎಂಬುದು ಈ ಅಂಕಿಯಿಂದ ತಿಳಿಯುವುದಿಲ್ಲ. ಅದನ್ನು ತಿಳಿಯಲು ಅಂಗಡಿಯ ಚೀಟಿ, ಹೊಲದ ಉತಾರ, ಲಗ್ನಪತ್ರಿಕೆ, ಮೊಬೈಲಿನ ಸಂದೇಶಗಳನ್ನು ನೋಡಬೇಕು. ಮಂಗಳವೇಢೆ, ಸೊಲ್ಲಾಪುರ, ಅಕ್ಕಲಕೋಟೆಗಳ ಸೀಮೆಯಲ್ಲಿ ಹೀಗೆ ನೋಡಿದರೆ ಅನೇಕ ಕನ್ನಡಿಗರ ನಾಲಗೆಯ ಭಾಷೆಯೇ ಬೇರೆ, ಲೇಖನಿಯ ಭಾಷೆಯೇ ಬೇರೆ.

ಈ ಸೀಮೆಗೆ ಅಕ್ಷರ ಹೊಸದಲ್ಲ. ಮಂಗಳವೇಢೆ ಕಳಚುರಿ ಬಿಜ್ಜಳನ ನೆಲೆಯಾಗಿತ್ತು. ಬಸವಣ್ಣ ಕರಣಿಕನಾಗಿ ಲೆಕ್ಕ ಬರೆಯುತ್ತ ಕೆಲಸ ಆರಂಭಿಸಿದ್ದು ಇಲ್ಲಿಯೇ ಎಂಬುದು ಪರಂಪರೆಯ ಮಾತು. ಸೊನ್ನಲಿಗೆ, ಅಂದರೆ ಇಂದಿನ ಸೊಲ್ಲಾಪುರ, ವಚನಕಾರ ಸಿದ್ಧರಾಮನ ಊರು. ಜಿಲ್ಲೆಯ ಶಾಸನಗಳನ್ನು ಶ್ರೀನಿವಾಸ ರಿತ್ತಿ ಮತ್ತು ಆನಂದ ಕುಂಭಾರ ಸಂಪಾದಿಸಿ ಪ್ರಕಟಿಸಿದ್ದಾರೆ. ಅವುಗಳಲ್ಲಿ ಕನ್ನಡ ಶಾಸನಗಳು ಹೇರಳ. ಭೀಮಾ–ಸೀನಾ ನದಿಗಳು ಕೂಡುವ ಹತ್ತರಸಂಗ ಕೂಡಲದಲ್ಲಿ 1018ರ ಮರಾಠಿ ಶಾಸನವೂ ಸಿಕ್ಕಿದೆ. ಒಂದೇ ನೆಲದಲ್ಲಿ ಎರಡು ಭಾಷೆಗಳ ಬರಹ ಸಾವಿರ ವರ್ಷದಿಂದ ಇದೆ.

ಮುಂದೆ ಮರಾಠರ ಆಡಳಿತದಲ್ಲಿ ದಫ್ತರದ ಭಾಷೆ ಮರಾಠಿಯಾಯಿತು, ಬರೆಯುವ ಲಿಪಿ ಮೋಡಿಯಾಯಿತು. ಲೇಖನಿ ಎತ್ತದೆ ಸರಸರನೆ ಬರೆಯಲು ಒಗ್ಗುವ ಈ ಲಿಪಿಯಲ್ಲೇ ಜಮೀನಿನ ಕಾಗದ, ಸಾಲಪತ್ರ, ಕೀರ್ದಿಗಳು ತುಂಬಿದವು. ಅಚ್ಚಿನ ಕೆಲಸಕ್ಕೂ ಶಾಲೆಗೂ ದೇವನಾಗರಿ ನೆಲೆಗೊಂಡ ಮೇಲೆ, 20ನೇ ಶತಮಾನದ ನಡುವಿನ ಹೊತ್ತಿಗೆ ಮೋಡಿ ಬಳಕೆಯಿಂದ ಜಾರಿತು. ಇಂದು ಅಜ್ಜನ ಕಾಲದ ಪತ್ರ ಓದಿಸಬೇಕಾದರೆ ಮೋಡಿ ಬಲ್ಲವರನ್ನು ಹುಡುಕಿಕೊಂಡು ಹೋಗಬೇಕು. ಕೆಲಸ ತಪ್ಪಿದ ಲಿಪಿ ಎರಡು ತಲೆಮಾರಿನಲ್ಲಿ ಓದುಗರನ್ನು ಕಳೆದುಕೊಳ್ಳುತ್ತದೆ ಎಂಬುದಕ್ಕೆ ಇದು ಸಾಕ್ಷಿ.

1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಸೊಲ್ಲಾಪುರ ಮುಂಬಯಿ ರಾಜ್ಯದಲ್ಲಿ ಉಳಿಯಿತು. 1960ರಲ್ಲಿ ಮಹಾರಾಷ್ಟ್ರಕ್ಕೆ ಸೇರಿತು. ಅಕ್ಕಲಕೋಟೆಯನ್ನು ಕರ್ನಾಟಕಕ್ಕೆ ಸೇರಿಸಬೇಕೆಂದು 1967ರಲ್ಲಿ ಗಡಿ ವಿವಾದವನ್ನು ಪರಿಶೀಲಿಸಿದ ಮಹಾಜನ ಆಯೋಗ ಹೇಳಿದರೂ ಗಡಿ ಬದಲಾಗಲಿಲ್ಲ. ಸಂವಿಧಾನಕ್ಕೆ 1956ರಲ್ಲಿ ಸೇರಿದ 350ಎ ವಿಧಿ, ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ತಾಯ್ನುಡಿಯ ಶಿಕ್ಷಣಕ್ಕೆ ಅನುಕೂಲ ಕಲ್ಪಿಸಬೇಕೆನ್ನುತ್ತದೆ. ಅಕ್ಕಲಕೋಟೆ, ದಕ್ಷಿಣ ಸೊಲ್ಲಾಪುರ ತಾಲೂಕುಗಳಲ್ಲಿ ಜಿಲ್ಲಾ ಪರಿಷತ್ತಿನ ಕನ್ನಡ ಶಾಲೆಗಳು ನಡೆಯುತ್ತಿವೆ. ಅವುಗಳಿಗೆ ಕನ್ನಡ ಪಠ್ಯಪುಸ್ತಕ ಅಚ್ಚುಮಾಡುವುದು 1967ರಲ್ಲಿ ಪುಣೆಯಲ್ಲಿ ಸ್ಥಾಪನೆಯಾದ ಬಾಲಭಾರತಿ. ಮಕ್ಕಳು ಮರಾಠಿಯನ್ನೂ ಕಲಿಯುತ್ತಾರೆ. 2020ರ ಕಾಯಿದೆ ರಾಜ್ಯದ ಎಲ್ಲ ಶಾಲೆಗಳಲ್ಲೂ ಮರಾಠಿಯನ್ನು ಕಡ್ಡಾಯ ಮಾಡಿದೆ. ಹೀಗಾಗಿ ಕನ್ನಡ ಶಾಲೆಯಲ್ಲಿ ಓದಿದ ಹುಡುಗನಿಗೆ ಎರಡು ಲಿಪಿ ಬರುತ್ತವೆ. ಮರಾಠಿ ಶಾಲೆಯಲ್ಲಿ ಓದಿದ ಅವನ ತಂಗಿಗೆ, ಮನೆಯಲ್ಲಿ ಇಬ್ಬರೂ ಆಡುವುದು ಕನ್ನಡವೇ ಆದರೂ, ಕನ್ನಡ ಅಕ್ಷರ ಬಾರದೇ ಇರಬಹುದು. ಗಣತಿಯಲ್ಲಿ ಇಬ್ಬರೂ ಸಾಕ್ಷರರೇ.

ಶಾಲೆಯ ಹೊರಗೆ ಮರಾಠಿಯ ಕೆಲಸವೇ ಹೆಚ್ಚು. ಎಸ್‌.ಟಿ. ಬಸ್ಸಿನ ಫಲಕ, ರೇಷನ್ ಕಾರ್ಡು, ಗ್ರಾಮಪಂಚಾಯಿತಿಯ ನೋಟಿಸು ಎಲ್ಲವೂ ದೇವನಾಗರಿಯಲ್ಲಿ. ರೈತನಿಗೆ ಮುಖ್ಯವಾದ ಕಾಗದ ಸಾತ್‌ಬಾರಾ ಉತಾರ. ಅದರ ಏಳನೆಯ ನಮೂನೆಯಲ್ಲಿ ಹೊಲದ ಒಡೆಯನ ಹೆಸರು, ಕ್ಷೇತ್ರ, ಬೋಜಾ ಅಂದರೆ ಸಾಲದ ಹೊರೆ. ಹನ್ನೆರಡನೆಯದರಲ್ಲಿ ಬೆಳೆಯ ವಿವರ. ಮಂಗಳವೇಢೆಯ ಮಾಲದಂಡಿ ಜೋಳ ಬಿತ್ತಿದವನು ಬೆಳೆಸಾಲ ತೆಗೆಯಬೇಕಾದರೆ ಈ ಮರಾಠಿ ಕಾಗದವನ್ನು ಓದಿ ತಿಳಿಯಬೇಕು. 2021ರಿಂದ ಇ-ಪೀಕ್ ಪಾಹಣಿ ಎಂಬ ಆ್ಯಪ್ ಬಂದು, ಬೆಳೆಯ ನೋಂದಣಿಯನ್ನು ರೈತನೇ ಮೊಬೈಲಿನಲ್ಲಿ ಮಾಡುವಂತಾಯಿತು. ಊರಿನ ಕಂದಾಯ ನೌಕರನಾದ ತಲಾಠಿ ಬರೆಯುತ್ತಿದ್ದುದನ್ನು ಈಗ ರೈತ ಬರೆಯಬೇಕು. ಬಾರದಿದ್ದರೆ ಓದಿದ ಮಗನನ್ನೋ ಮಗಳನ್ನೋ ಕರೆಯಬೇಕು.

ಕನ್ನಡ ಅಕ್ಷರ ಉಳಿದಿರುವುದು ಹೆಚ್ಚಾಗಿ ದೇವರ ಜಗಲಿಯ ಸುತ್ತ ಮತ್ತು ಮಠದಲ್ಲಿ. ಶ್ರಾವಣದಲ್ಲಿ ಪುರಾಣ ಹಚ್ಚಿದಾಗ ಒಬ್ಬರು ಓದುತ್ತಾರೆ, ಹತ್ತಾರು ಮಂದಿ ಕೇಳುತ್ತಾರೆ. ಓದು ಬಾರದವರಿಗೂ ಪದ್ಯಗಳು ಬಾಯಿಪಾಠವಾಗುವುದು ಹೀಗೆ. ಭಜನೆಯ ವಹಿಗಳಲ್ಲಿ ತತ್ತ್ವಪದ ಕನ್ನಡದ್ದು, ಲಿಪಿ ಕೆಲವೊಮ್ಮೆ ದೇವನಾಗರಿಯದು. ಮರಾಠಿಗೆ ಬಳಸುವ ದೇವನಾಗರಿಯಲ್ಲಿ ಎ–ಏ, ಒ–ಓ ಎಂಬ ಹ್ರಸ್ವ–ದೀರ್ಘದ ಭೇದವಿಲ್ಲ. ಆದ್ದರಿಂದ ಹೊಲದ ಬೆಳೆಯೂ ಅಡುಗೆಯ ಬೇಳೆಯೂ, ಕೊಡು ಎಂಬ ಮಾತೂ ದನದ ಕೋಡೂ ಕಾಗದದ ಮೇಲೆ ಒಂದೇ ಆಗುತ್ತವೆ. ಪದ ಮೊದಲೇ ಗೊತ್ತಿದ್ದವರು ಸರಿಯಾಗಿ ಹಾಡುತ್ತಾರೆ, ಹೊಸಬರು ತಡವರಿಸುತ್ತಾರೆ. ಮೊಬೈಲಿನಲ್ಲೂ ಇದೇ ಪೇಚು. ಕನ್ನಡದ ಮಾತನ್ನು ದೇವನಾಗರಿಯಲ್ಲೋ ಇಂಗ್ಲಿಷ್ ಅಕ್ಷರದಲ್ಲೋ ಬರೆಯುವುದುಂಟು. ಅದೂ ಬೇಡವೆಂದರೆ ಧ್ವನಿಸಂದೇಶ. ಓದು ಬರಹ ಬಲ್ಲವರೂ ಮನೆಮಾತಿಗೆ ಬಂದಾಗ ಬರಹವನ್ನೇ ಬಿಡುತ್ತಾರೆ.

ಕೈಬಿಟ್ಟ ಲಿಪಿಯನ್ನು ಮರಳಿ ಹಿಡಿಯಲು ಬರುತ್ತದೆ ಎಂಬುದಕ್ಕೆ ಸೊಲ್ಲಾಪುರದಲ್ಲೇ ಉದಾಹರಣೆಯಿದೆ. 1912ರಲ್ಲಿ ಹುಟ್ಟಿದ ಜಯದೇವಿತಾಯಿ ಲಿಗಾಡೆ ಶಾಲೆಯಲ್ಲಿ ಕಲಿತದ್ದು ಮರಾಠಿ. ಕನ್ನಡದ ಓದು ಬರಹವನ್ನು ಸ್ವಂತ ಪ್ರಯತ್ನದಿಂದ ಸಾಧಿಸಿ, ಸಿದ್ಧರಾಮನ ಪುರಾಣವನ್ನು ಜನಪದದ ತ್ರಿಪದಿಯಲ್ಲಿ ಬರೆದರು. 1974ರಲ್ಲಿ ಮಂಡ್ಯದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದರು. ಆ ಸ್ಥಾನಕ್ಕೇರಿದ ಮೊದಲ ಮಹಿಳೆ ಅವರು. ಮರಾಠಿ ಓದಬಲ್ಲ ಕನ್ನಡಿಗನಿಗೆ ಕನ್ನಡ ಅಕ್ಷರ ಕಷ್ಟವೇನಲ್ಲ. ವರ್ಣಮಾಲೆಯ ಕ್ರಮ ಎರಡಕ್ಕೂ ಬಹುತೇಕ ಒಂದೇ, ಕಾಗುಣಿತದ ನಡೆಯೂ ಒಂದೇ. ಹೊಸದಾಗಿ ಕಲಿಯಬೇಕಾದುದು ಅಕ್ಷರದ ಆಕಾರವನ್ನೂ ಎ–ಏ, ಒ–ಓ ಭೇದವನ್ನೂ ಅಷ್ಟೇ.

ಕಲಿತದ್ದನ್ನು ಉಳಿಸಿಕೊಳ್ಳುವುದೇ ಕಷ್ಟ. ಸಾತ್‌ಬಾರಾ ಮರಾಠಿಯಲ್ಲಿರುವ ತನಕ ಮರಾಠಿಯ ಓದಿಗೆ ಕುಂದಿಲ್ಲ, ಆ ಓದು ಗಡಿನಾಡ ಕನ್ನಡಿಗನಿಗೆ ಬೇಕೂ ಬೇಕು. ಕನ್ನಡ ಅಕ್ಷರಕ್ಕೆ ಅಂಥ ಸರಕಾರಿ ಕೆಲಸವಿಲ್ಲ. ಲಗ್ನಪತ್ರಿಕೆಯ ಒಂದು ಮಗ್ಗುಲು, ಅಂಗಡಿಯ ಸಾಮಾನಿನ ಚೀಟಿ, ಭಜನೆಯ ವಹಿ, ಮಗಳಿಗೆ ಕಳಿಸುವ ಸಂದೇಶ — ಇಂಥ ಮನೆಯ ಕೆಲಸಗಳನ್ನು ಮನೆಯವರೇ ಅದಕ್ಕೆ ಕೊಡಬೇಕು. ಶಾಲೆ ಅಕ್ಷರ ಕಲಿಸಬಲ್ಲದು, ರೂಢಿ ಬೀಳಬೇಕಾದದ್ದು ಮನೆಯಲ್ಲಿ.